ಹಲ್ಲು ಸರಿಮಾಡಿಸಿಕೊಳ್ಳದ ಫ್ರೆಡ್ಡಿ ಮರ್ಕ್ಯುರಿ

ಪ್ರಸಿದ್ಧ ಪಾಪ್ ಗಾಯಕರೊಬ್ಬರ ಬದುಕು, ಹಾಡುಗಾರಿಕೆ ಬಗ್ಗೆ ಜಾಸ್ತಿ ಜನರಿಗೆ ಗೊತ್ತಿಲ್ಲದ ಸಂಗತಿಗಳನ್ನು ಹೇಳಿ ಅಂತ ಕೇಳಿದ್ದೀರಿ. ನಾನು ಫ್ರೆಡ್ಡಿ ಮರ್ಕ್ಯುರಿ ಬಗ್ಗೆ ಹೇಳುತ್ತೇನೆ. ಇಂಗ್ಲೆಂಡಿನ ಕ್ವೀನ್ ತಂಡದ ಹಾಡುಗಾರ. ಮ್ಯಾಚ್ ಗೆದ್ದಾಗ ಹಾಕುವ 'ವಿ ಆರ್ ದ ಚಾಂಪಿಯನ್ಸ್' ಹಾಡನ್ನು ನೀವು ಕೇಳಿಯೇ ಇರುತ್ತೀರಿ. ಬರೆದವರೂ ಅವರೇ, ಹಾಡಿದವರೂ ಅವರೇ.

ಮೊದಲು ನನ್ನ ಬಗ್ಗೆ ಎರಡು ಮಾತು. ನಾನು ಬೆಳಗಾವಿಯವಳು. ಹದಿನಾಲ್ಕು ವರ್ಷದಿಂದ ಆರ್ಕೆಸ್ಟ್ರಾದಲ್ಲಿ ಹಾಡುತ್ತಿದ್ದೇನೆ. ಗಣಪತಿ ಹಬ್ಬ, ರಾಜ್ಯೋತ್ಸವ, ಜಾತ್ರೆ, ಮದುವೆ, ಎಲ್ಲಿ ಕರೆದರೂ ಹೋಗುತ್ತೇವೆ. ನನಗೆ ಉಬ್ಬುಹಲ್ಲು. ಶಾಲೆಯಲ್ಲಿ ಹುಡುಗರು ನನ್ನ ಹೆಸರು ಕರೆದದ್ದೇ ಕಡಿಮೆ, 'ಉಬ್ಬಲ್ಲಿ' ಅಂತಲೇ ಕೂಗುತ್ತಿದ್ದರು. ಅವ್ವ ತಿಂಗಳಿಗೊಮ್ಮೆಯಾದರೂ ಹೇಳುತ್ತಿದ್ದಳು, "ಹಲ್ಲಿಗೆ ತಂತಿ ಹಾಕಿಸ್ಕೋ ಯವ್ವಾ, ಮದವಿ ಹೊತ್ತಿಗೆ ಚಂದ ಆಕ್ಕಾವು." ಇದನ್ನು ಯಾಕೆ ಹೇಳುತ್ತಿದ್ದೇನೆ ಅಂತ ಮುಂದೆ ಗೊತ್ತಾಗುತ್ತದೆ.

ಒಂದು ರಾತ್ರಿ ಗೋಕಾಕದಲ್ಲಿ ಕಾರ್ಯಕ್ರಮ ಮುಗಿಸಿ ವಾಪಸ್ ಬರುತ್ತಿದ್ದೆವು. ನಮ್ಮ ತಂಡದಲ್ಲಿ ಪ್ಯಾಡ್ ನುಡಿಸುವ ಹುಡುಗ ಇಯರ್‌ಫೋನಿನ ಒಂದು ಎಳೆ ನನ್ನ ಕೈಗೆ ಕೊಟ್ಟ. "ಅಕ್ಕಾರ, ಇದನ್ನ ಕೇಳ್ರಿ. ಒಂದ ಹಾಡಿನ್ಯಾಗ ಮೂರ ಹಾಡ ಅದಾವು" ಎಂದ. ಅದು 'ಬೊಹೀಮಿಯನ್ ರಾಪ್ಸೊಡಿ'. ಊರು ಮುಟ್ಟುವಷ್ಟರಲ್ಲಿ ಐದಾರು ಸಲ ಕೇಳಿದ್ದೆ. ಇಂಗ್ಲಿಷ್ ಅರ್ಧಂಬರ್ಧ ಅರ್ಥವಾಗಿತ್ತು. ಆದರೆ ನಡುವೆ 'ಬಿಸ್ಮಿಲ್ಲಾ' ಅನ್ನುವ ಮಾತು ಬಂದಾಗ ಬೆಚ್ಚಿದೆ. ಇಂಗ್ಲೆಂಡಿನವರ ಹಾಡಿನಲ್ಲಿ ಇದು ಹೇಗೆ ಬಂತು? ಅಲ್ಲಿಂದ ಇವರ ಬಗ್ಗೆ ಓದಲು ಶುರುಮಾಡಿದೆ.

ನನಗೆ ಎಲ್ಲಕ್ಕಿಂತ ಜಾಸ್ತಿ ಅಚ್ಚರಿಯಾದದ್ದು ಅವರು ಓದಿದ ಜಾಗ. ಅವರ ಹುಟ್ಟು ಹೆಸರು ಫರ್ರೋಖ್ ಬುಲ್ಸಾರಾ. ಪಾರ್ಸಿ ಮನೆತನ. ಗುಜರಾತಿನ ವಲ್ಸಾಡಿಗೆ ಹಿಂದೆ ಬುಲ್ಸಾರ್ ಅನ್ನುತ್ತಿದ್ದರು, ಮನೆತನದ ಹೆಸರು ಬಂದದ್ದು ಅಲ್ಲಿಂದ. ಹುಟ್ಟಿದ್ದು 1946ರ ಸೆಪ್ಟೆಂಬರ್ 5ರಂದು, ಆಫ್ರಿಕಾದ ಪಕ್ಕದ ಜಂಜಿಬಾರ್ ದ್ವೀಪದಲ್ಲಿ. ಅಪ್ಪ ಅಲ್ಲಿ ಬ್ರಿಟಿಷ್ ಸರ್ಕಾರದ ಕಚೇರಿಯಲ್ಲಿ ಕ್ಯಾಷಿಯರ್. ಎಂಟು ವರ್ಷದ ಹುಡುಗನನ್ನು ಓದಲು ಕಳಿಸಿದ್ದು ಎಲ್ಲಿಗೆ ಗೊತ್ತೇ? ಪಂಚಗಣಿಗೆ! ಅಲ್ಲಿನ ಸೇಂಟ್ ಪೀಟರ್ಸ್ ಶಾಲೆಯ ಹಾಸ್ಟೆಲ್ಲಿಗೆ.

ಬೆಳಗಾವಿಯವರಿಗೆ ಪಂಚಗಣಿ ದೂರದ ಊರಲ್ಲ. ಕೊಲ್ಹಾಪುರ, ಕರಾಡ, ಸಾತಾರಾ ದಾಟಿ, ವಾಯಿ ಕಡೆ ತಿರುಗಿ ಘಟ್ಟ ಹತ್ತಿದರೆ ಬಂತು. ಮಹಾಬಳೇಶ್ವರಕ್ಕೆ ಹೋಗುವ ಬಹಳ ಜನ ಅದೇ ದಾರಿಯಲ್ಲಿ ಹೋಗುತ್ತಾರೆ. ನಾನೇ ಮದುವೆಗೆ ಮುಂಚೆ ಎರಡು ಸಲ, ಆಮೇಲೆ ಒಂದು ಸಲ ಕ್ರೂಸರ್ ಮಾಡಿಕೊಂಡು ಮನೆಮಂದಿಯ ಜೊತೆ ಹೋಗಿದ್ದೆ. ಸ್ಟ್ರಾಬೆರಿ ತಿಂದು, ಟೇಬಲ್ ಲ್ಯಾಂಡ್ ಅನ್ನುವ ಚಪ್ಪಟೆ ಗುಡ್ಡದ ಮೇಲೆ ಫೋಟೋ ತೆಗೆಸಿಕೊಂಡು ಬಂದಿದ್ದೆ. ಆ ಶಾಲೆಯ ಗೇಟಿನ ಮುಂದೆಯೇ ನಮ್ಮ ಗಾಡಿ ಹೋಗಿದ್ದಿರಬಹುದು. ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ವಿಷಯ ಗೊತ್ತಾದ ಮೇಲೆ ನಾಲ್ಕನೇ ಸಲ ಹೋದೆ, ಬರೀ ಅದಕ್ಕೋಸ್ಕರ. ಶಾಲೆ ಇವತ್ತಿಗೂ ನಡೆಯುತ್ತಿದೆ. ಒಳಗೆ ಹೋಗಬೇಕು ಅಂತ ಕೇಳಲಿಲ್ಲ, ಮಕ್ಕಳು ಓದುವ ಜಾಗ. ಹೊರಗೆ ರಸ್ತೆ ಬದಿ ಸುಮ್ನೆ ಸ್ವಲ್ಪ ಹೊತ್ತು ನಿಂತಿದ್ದೆ. ಆಮೇಲೆ ಟೇಬಲ್ ಲ್ಯಾಂಡ್ ಹತ್ತಿದೆ. ಅಲ್ಲಿರುವುದು ನಮ್ಮ ಬೆಳಗಾವಿಯದೇ ಥರದ ಕೆಂಪು ಜಂಬಿಟ್ಟಿಗೆ ಕಲ್ಲು. ಮಳೆಗಾಲ ಆಗಷ್ಟೇ ಮುಗಿದಿತ್ತು. ಚಪ್ಪಲಿಗೆ ಮೆತ್ತಿದ ಕೆಂಪು ಮಣ್ಣು ಗಾಡಿಯ ಮ್ಯಾಟಿನ ಮೇಲೆಲ್ಲ ಆಗಿ ನನ್ನ ಗಂಡ ಬೈದರು. ಎಂಟು ವರ್ಷದ ಹುಡುಗ ಹಡಗು ಹತ್ತಿ ಮುಂಬೈಗೆ ಬಂದು, ಅಲ್ಲಿಂದ ಈ ಗುಡ್ಡಕ್ಕೆ ಬಂದಿದ್ದ. ರಜೆ ಬಿಟ್ಟಾಗಲೂ ಪ್ರತಿ ಸಲ ಮನೆಗೆ ಹೋಗುವ ಹಾಗಿರಲಿಲ್ಲ. ಎಷ್ಟೋ ರಜೆಗಳನ್ನು ಮುಂಬೈಯ ನೆಂಟರ ಮನೆಯಲ್ಲೇ ಕಳೆಯುತ್ತಿದ್ದ. ನನ್ನ ಮಗನಿಗೆ ಈಗ ಎಂಟು ವರ್ಷ. ಅಜ್ಜಿ ಊರಿಗೆ ಎರಡು ದಿನ ಕಳಿಸಿದರೆ ರಾತ್ರಿ ಫೋನ್ ಮಾಡಿ ಅಳುತ್ತಾನೆ.

'ಫ್ರೆಡ್ಡಿ' ಅನ್ನುವ ಹೆಸರು ಬಂದದ್ದೂ ಆ ಶಾಲೆಯಲ್ಲೇ. ಪಿಯಾನೋ ಚೆನ್ನಾಗಿ ಕಲಿತದ್ದೂ ಅಲ್ಲೇ. ಹನ್ನೆರಡನೇ ವಯಸ್ಸಿಗೆ ಗೆಳೆಯರ ಜೊತೆ ಸೇರಿ 'ದ ಹೆಕ್ಟಿಕ್ಸ್' ಅಂತ ತಂಡ ಕಟ್ಟಿ ಶಾಲೆಯ ಕಾರ್ಯಕ್ರಮಗಳಲ್ಲಿ ನುಡಿಸುತ್ತಿದ್ದರು. ಅದರಲ್ಲಿ ಅವರು ಪಿಯಾನೋ ಕಡೆ ಇದ್ದರು, ಮುಖ್ಯ ಹಾಡುಗಾರ ಆಗಿರಲಿಲ್ಲ. ಮುಂದೆ ಲಕ್ಷ ಜನರ ಎದುರು ಹಾಡಿದವರು ಮೊದಲು ಪಕ್ಕದಲ್ಲಿ ಕೂತು ಸಾಥ್ ಕೊಡುತ್ತಿದ್ದವರು. ನಮ್ಮ ತಂಡದ ಕೀಬೋರ್ಡಿನವರಿಗೆ ಇದನ್ನು ಹೇಳಿದಾಗ ಎಷ್ಟು ಖುಷಿಪಟ್ಟರು ಅಂದರೆ, ಮರುದಿನ ಅವರೇ ನನಗೆ ಫೋನ್ ಮಾಡಿ ಹೆಕ್ಟಿಕ್ಸ್ ಫೋಟೋ ಸಿಗುತ್ತದೆಯೇ ಅಂತ ಕೇಳಿದರು.

ಅದೇ ಶಾಲೆಯಲ್ಲಿ ಅವರಿಗೆ ಇನ್ನೊಂದು ಅಡ್ಡಹೆಸರೂ ಇತ್ತು, 'ಬಕ್ಕಿ'. ಉಬ್ಬುಹಲ್ಲಿನವನು ಅಂತ ಅರ್ಥ. ಇದನ್ನು ಓದಿದ ದಿನ ನಾನು ಫೋನ್ ಕೆಳಗಿಟ್ಟು ಸ್ವಲ್ಪ ಹೊತ್ತು ಕೂತೆ.

ಅವರ ಬಾಯಲ್ಲಿ ನಾಲ್ಕು ಹಲ್ಲು ಹೆಚ್ಚಿಗೆ ಇದ್ದವು. ಆ ಹಲ್ಲುಗಳು ಒತ್ತಿ ಮುಂದಿನವು ಹೊರಗೆ ಬಂದಿದ್ದವು. ಸಣ್ಣವರಿದ್ದಾಗ ಮಾಡಿಸಲಾಗಲಿಲ್ಲ ಅನ್ನಿ. ಆದರೆ ಕೋಟಿಗಟ್ಟಲೆ ದುಡಿದ ಮೇಲೆ, ಲಂಡನ್ನಿನಲ್ಲಿ ಇದ್ದು, ಬೇಕಾದ ಡಾಕ್ಟರನ್ನು ಕರೆಸುವ ಶಕ್ತಿ ಇದ್ದಾಗಲೂ ಸರಿಮಾಡಿಸಿಕೊಳ್ಳಲಿಲ್ಲ. ಬಾಯಿಯ ಆಕಾರ ಬದಲಾದರೆ ದನಿ ಬದಲಾದೀತು ಅನ್ನುವುದು ಅವರ ಭಯ. ಹಲ್ಲಿನ ಬಗ್ಗೆ ನಾಚಿಕೆ ಇರಲಿಲ್ಲ ಅಂತಲ್ಲ. ಅವರ ಸಂದರ್ಶನಗಳ ವಿಡಿಯೋ ನೋಡಿ. ನಗು ಬಂದಾಗ ಕೈ ತಾನಾಗಿ ಬಾಯಿಗೆ ಹೋಗುತ್ತದೆ, ಇಲ್ಲವೇ ಮೇಲ್ದುಟಿ ಕೆಳಗೆ ಇಳಿಯುತ್ತದೆ. ಆ ಕೈ ನನಗೆ ಚೆನ್ನಾಗಿ ಗೊತ್ತು. ನನ್ನ ಮದುವೆ ಆಲ್ಬಮ್ಮಿನಲ್ಲಿ ನನ್ನ ಕೈಯೂ ಅಲ್ಲೇ ಇದೆ. ಆದರೆ ಸ್ಟೇಜಿನ ಮೇಲೆ ಹಾಡುವಾಗ ಅವರ ಕೈ ಬಾಯಿ ಹತ್ತಿರ ಬರುವುದೇ ಇಲ್ಲ, ಮೈಕ್ ಹಿಡಿಯುವುದಕ್ಕೆ ಬಿಟ್ಟರೆ.

ಮೈಕ್ ಅಂದಾಗ ನೆನಪಾಯಿತು. ಅವರು ಬುಡವೇ ಇಲ್ಲದ ಅರ್ಧ ಸ್ಟ್ಯಾಂಡ್ ಹಿಡಿದು ಹಾಡುತ್ತಾರಲ್ಲ, ಅದು ಸ್ಟೈಲಿಗೆ ಅಂತ ಮಾಡಿಸಿದ್ದಲ್ಲ. ಶುರುವಿನ ದಿನಗಳಲ್ಲಿ ಒಂದು ಕಾರ್ಯಕ್ರಮದ ನಡುವೆ ಸ್ಟ್ಯಾಂಡ್ ಕಳಚಿ ಮೇಲಿನ ಅರ್ಧ ಕೈಗೆ ಬಂತು. ಅದನ್ನೇ ಹಿಡಿದು ಹಾಡು ಮುಂದುವರಿಸಿದರು. ಹಿಡಿತ ಚೆನ್ನಾಗಿದೆ ಅನ್ನಿಸಿತು. ಆಮೇಲೆ ಕೊನೆತನಕ ಹಾಗೆಯೇ. ನಮ್ಮ ಕಡೆ ಪೆಂಡಾಲಿನ ಹಲಗೆ ಮೇಲೆ ನಿಂತು ಹಾಡಿದವರಿಗೆ ಇದರ ಬೆಲೆ ಗೊತ್ತು. ಸ್ಟ್ಯಾಂಡ್ ಅಲುಗಾಡಿದರೆ ಸಾಕು, ನಮಗೆ ಪಲ್ಲವಿಯೇ ಮರೆತುಹೋಗುತ್ತದೆ.

ನನಗೆ ಅವರಲ್ಲಿ ಹಿಡಿಸಿದ ಗುಣವೇ ಇದು. ಬೇರೆಯವರು ರಿಪೇರಿ ಮಾಡಿಸುವುದನ್ನು ಅವರು ಹಾಗೇ ಇಟ್ಟುಕೊಂಡರು. 'ಬೊಹೀಮಿಯನ್ ರಾಪ್ಸೊಡಿ'ಯೂ ಹೀಗೇ ಉಳಿದ ಹಾಡು. ಅದು ಬಂದದ್ದು 1975ರಲ್ಲಿ. ಉದ್ದ 5 ನಿಮಿಷ 55 ಸೆಕೆಂಡ್. ಇಷ್ಟು ಉದ್ದ ಇದ್ದರೆ ರೇಡಿಯೋದವರು ಹಾಕುವುದಿಲ್ಲ, ಕತ್ತರಿಸಿ ಅಂತ ಕಂಪನಿಯವರು ಹೇಳಿದರು. ತಂಡ ಒಪ್ಪಲಿಲ್ಲ. ಕೆನಿ ಎವರೆಟ್ ಅನ್ನುವ ರೇಡಿಯೋ ನಿರೂಪಕ ಎರಡು ದಿನದಲ್ಲಿ ಹದಿನಾಲ್ಕು ಸಲ ಹಾಕಿಬಿಟ್ಟ. ಹಾಡು ಬ್ರಿಟನ್ನಿನಲ್ಲಿ ಒಂಬತ್ತು ವಾರ ಮೊದಲ ಸ್ಥಾನದಲ್ಲಿ ನಿಂತಿತು. ಮರಳಿ ಮರಳಿ ಬರುವ ಪಲ್ಲವಿಯೇ ಅದರಲ್ಲಿಲ್ಲ! ಒಂದು ಕಡೆ ನಿಧಾನ ಪಿಯಾನೋ, ನಡುವೆ ದೊಡ್ಡ ನಾಟಕದ ಹಾಗೆ ಗುಂಪು ದನಿಗಳು, ಆಮೇಲೆ ಜೋರಾದ ಗಿಟಾರು, ಕೊನೆಗೆ ಮತ್ತೆ ನಿಧಾನ.

ಆ ಗುಂಪು ದನಿಗಳನ್ನು ಕೇಳಿದಾಗ ಐವತ್ತು ಅರವತ್ತು ಜನ ನಿಂತು ಹಾಡಿದ ಹಾಗಿದೆ. ಹಾಡಿದ್ದು ಮೂರೇ ಜನ. ಫ್ರೆಡ್ಡಿ, ಗಿಟಾರಿನ ಬ್ರಯಾನ್ ಮೇ, ಡ್ರಮ್ಮಿನ ರೋಜರ್ ಟೇಲರ್. ಆಗ ಕಂಪ್ಯೂಟರ್ ಇರಲಿಲ್ಲ, ಟೇಪ್ ಮಾತ್ರ. ಒಂದು ದನಿ ಹಾಡಿ ರೆಕಾರ್ಡ್ ಮಾಡುವುದು, ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಜಾಗ ತುಂಬಿದ ಮೇಲೆ ಎಲ್ಲವನ್ನೂ ಒಂದಕ್ಕೆ ಇಳಿಸಿ ಮತ್ತೆ ಮೇಲಿಂದ ಶುರು. ಹೀಗೆ ತಿಕ್ಕಿ ತಿಕ್ಕಿ ಟೇಪಿನ ಮೇಲಿನ ಲೇಪ ಸವೆದು, ಬೆಳಕಿಗೆ ಹಿಡಿದರೆ ಆಚೆಯದು ಕಾಣುವಂತಾಗಿತ್ತಂತೆ. ಫ್ರೆಡ್ಡಿ ಯಾವ ದನಿ ಎಲ್ಲಿಗೆ ಬರಬೇಕು ಅಂತ ಚೂರುಚೂರು ಕಾಗದದ ಮೇಲೆ ಎ, ಬಿ, ಸಿ ಅಂತ ಸ್ವರದ ಅಕ್ಷರಗಳನ್ನು ಬರೆದಿಟ್ಟುಕೊಂಡಿದ್ದರು. ನಾನೂ ಹಾಡಿನ ನೋಟ್‌ಬುಕ್ಕಿನಲ್ಲಿ ಸಾಲಿನ ಮೇಲೆ ಸ, ರಿ, ಗ ಬರೆದುಕೊಳ್ಳುವವಳು. ಅವರಿಗೆ ಆ ಎಲ್ಲ ದನಿಗಳೂ ತಲೆಯೊಳಗೆ ಒಟ್ಟಿಗೆ ಕೇಳಿಸುತ್ತಿದ್ದವು. ಉಳಿದವರಿಗೆ ಹಾಡು ಮುಗಿಯುವ ತನಕ ಏನಾಗುತ್ತಿದೆ ಅಂತ ಪೂರ್ತಿ ತಿಳಿದಿರಲಿಲ್ಲ. 2023ರಲ್ಲಿ ಲಂಡನ್ನಿನಲ್ಲಿ ಅವರ ವಸ್ತುಗಳ ಹರಾಜು ನಡೆಯಿತು. ಆಗ ಈ ಹಾಡಿನ ಕೈಬರಹದ ಕರಡು ಹೊರಗೆ ಬಂತು. ಅದರಲ್ಲಿ ಮೊದಲು ಬರೆದದ್ದು 'ಮಂಗೋಲಿಯನ್ ರಾಪ್ಸೊಡಿ' ಅಂತ. ಆಮೇಲೆ ಹೊಡೆದುಹಾಕಿದ್ದಾರೆ.

ಇನ್ನು ಹೆಸರಿನ ವಿಷಯ. ಫರ್ರೋಖ್ ಬುಲ್ಸಾರಾ ಆ ಹೆಸರು ಬಿಟ್ಟು ಫ್ರೆಡ್ಡಿ ಮರ್ಕ್ಯುರಿ ಆದದ್ದು 1970ರ ಆಸುಪಾಸಿನಲ್ಲಿ. ಬೇರು ಮುಚ್ಚಿಟ್ಟರು ಅಂತ ಕೆಲವರು ಬೈಯುತ್ತಾರೆ. ನಾನು ಬೈಯಲಾರೆ. 1964ರಲ್ಲಿ ಜಂಜಿಬಾರಿನಲ್ಲಿ ಕ್ರಾಂತಿಯಾಗಿ, ಜೀವ ಉಳಿದರೆ ಸಾಕು ಅಂತ ಮನೆಮಂದಿಯೆಲ್ಲ ಇಂಗ್ಲೆಂಡಿಗೆ ಓಡಿಬಂದರು. ಆಗ ಅವರಿಗೆ ಹದಿನೇಳು. ಹೀಥ್ರೂ ವಿಮಾನ ನಿಲ್ದಾಣದಲ್ಲಿ ಸಾಮಾನು ಹೊತ್ತರು. ಹಳೇ ಬಟ್ಟೆ ಮಾರುವ ಅಂಗಡಿ ಇಟ್ಟರು. ಅಂಥವರು ಸ್ಟೇಜಿಗೆ ಒಂದು ಹೊಸ ಹೆಸರು ಇಟ್ಟುಕೊಂಡರೆ ತಪ್ಪೇನು? ನಮ್ಮ ಪಕ್ಕದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರನನ್ನು ಜಗತ್ತು ಕುಮಾರ ಗಂಧರ್ವ ಅಂತಲೇ ಕರೆಯುತ್ತದೆ ಅಲ್ವಾ? ಅವರದು ಬೇರೆಯವರು ಕೊಟ್ಟ ಬಿರುದು, ಇವರದು ತಾವೇ ಆರಿಸಿಕೊಂಡದ್ದು, ಅಷ್ಟೇ. ಮನೆಯೊಳಗೆ ಪಾರ್ಸಿತನ ಹೋಗಿರಲಿಲ್ಲ. ಕೊನೆಯ ಸಂಸ್ಕಾರವನ್ನು ಪಾರ್ಸಿ ಪುರೋಹಿತರೇ ಮಾಡಿದರು.

ಸಣ್ಣಪುಟ್ಟ ಅಚ್ಚರಿಗಳು ಬೇಕಾದಷ್ಟಿವೆ. ಕ್ವೀನ್ ತಂಡದ ಲಾಂಛನ ಬರೆದವರು ಫ್ರೆಡ್ಡಿಯೇ. ಅವರು ಚಿತ್ರಕಲೆ ಓದಿದವರು. ನಾಲ್ವರ ರಾಶಿಗಳನ್ನೂ ಅದರಲ್ಲಿ ಸೇರಿಸಿದ್ದಾರೆ. ಇಬ್ಬರು ಸಿಂಹ ರಾಶಿ, ಅದಕ್ಕೆ ಎರಡು ಸಿಂಹ. ಬ್ರಯಾನ್ ಕರ್ಕ, ಅದಕ್ಕೆ ಏಡಿ. ತಮ್ಮದು ಕನ್ಯಾ, ಅದಕ್ಕೆ ರೆಕ್ಕೆಯ ಹುಡುಗಿಯರು. ಬೆಕ್ಕು ಅಂದರೆ ಪ್ರಾಣ. 1985ರಲ್ಲಿ ಒಬ್ಬರೇ ಮಾಡಿದ ಆಲ್ಬಮ್ಮನ್ನು ತಮ್ಮ ಬೆಕ್ಕಿಗೇ ಅರ್ಪಿಸಿದ್ದಾರೆ. ಚಿಕ್ಕಂದಿನಲ್ಲಿ ಅಪ್ಪನ ಹಾಗೆ ಅಂಚೆಚೀಟಿ ಕೂಡಿಸುತ್ತಿದ್ದರು. ಆ ಪುಸ್ತಕ ಈಗ ಲಂಡನ್ನಿನ ಅಂಚೆ ಮ್ಯೂಸಿಯಮ್ಮಿನಲ್ಲಿದೆ. ಚೀಟಿ ಅಂಟಿಸುತ್ತ ಕೂತಿದ್ದ ಆ ಹುಡುಗ ದೊಡ್ಡ ಗಾಯಕನಾಗಿ ಸ್ಟೇಜಿನ ಮೇಲಿರುವ ಚಿತ್ರವನ್ನೇ 1999ರಲ್ಲಿ ಬ್ರಿಟನ್ನಿನ ಅಂಚೆ ಇಲಾಖೆ ಚೀಟಿಯ ಮೇಲೆ ಹಾಕಿತು.

ಅವರ ಕಾಯಿಲೆಯ ಬಗ್ಗೆ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಏಡ್ಸ್ ಇದೆ ಅಂತ ಅವರು ಜಗತ್ತಿಗೆ ತಿಳಿಸಿದ್ದು 1991ರ ನವೆಂಬರ್ 23ರಂದು. ಮರುದಿನವೇ ತೀರಿಕೊಂಡರು. 45 ವರ್ಷ ವಯಸ್ಸು. ಕೊನೆಯ ವರ್ಷಗಳಲ್ಲಿ ಸಂಗಾತಿ ಜಿಮ್ ಹಟನ್ ಜೊತೆಗಿದ್ದು ನೋಡಿಕೊಂಡರು. ಹಳೆಯ ಗೆಳತಿ ಮೇರಿ ಆಸ್ಟಿನ್ ಕೂಡ ಕೈಬಿಡಲಿಲ್ಲ. ಚಿತಾಭಸ್ಮವನ್ನು ಎಲ್ಲಿಟ್ಟಿದ್ದಾರೆ ಅಂತ ಮೇರಿ ಇವತ್ತಿನವರೆಗೆ ಯಾರಿಗೂ ಬಿಟ್ಟುಕೊಟ್ಟಿಲ್ಲ. ಎಚ್‌ಐವಿ ಹತ್ತಿಕ್ಕುವ, ಮೂರು ಔಷಧಿ ಒಟ್ಟಿಗೆ ಕೊಡುವ ಚಿಕಿತ್ಸೆ ಬಂದದ್ದು 1996ರ ಹೊತ್ತಿಗೆ. ಐದೇ ವರ್ಷ. ಒಂದು ಕಾಲಕ್ಕೆ ನಮ್ಮ ಬೆಳಗಾವಿ, ಬಾಗಲಕೋಟೆ ಕಡೆ ಈ ಕಾಯಿಲೆ ಬಹಳ ಇತ್ತು. ನಮ್ಮ ಓಣಿಯಲ್ಲೇ ಒಬ್ಬ ಅಕ್ಕ ಹೋದರು. ದೊಡ್ಡವರು ಬರೀ 'ಜ್ವರ' ಅಂದರು. ಅವರ ಮನೆಗೆ ನೀರು ಕುಡಿಯಲು ಹೋಗಬೇಡ ಅಂತ ನನಗೂ ಹೇಳಿದ್ದರು, ನಾನು ಹೋಗಲಿಲ್ಲ. ಫ್ರೆಡ್ಡಿಯ ಹೇಳಿಕೆ ಓದಿದಾಗ ಆ ಅಕ್ಕನ ಮುಖ ಬಂತು. ಅಷ್ಟು ದೊಡ್ಡವರಿಗೂ ಬಾಯಿಬಿಟ್ಟು ಹೇಳಲು ಕೊನೆಯ ದಿನದ ತನಕ ಆಗಲಿಲ್ಲ.

ಅವರು ಹೋದ ಮೇಲೆ ಅದೇ 'ಬೊಹೀಮಿಯನ್ ರಾಪ್ಸೊಡಿ' ಬ್ರಿಟನ್ನಿನಲ್ಲಿ ಮತ್ತೆ ಮೊದಲ ಸ್ಥಾನಕ್ಕೆ ಬಂತು. ಐದು ವಾರ ಅಲ್ಲೇ ಇತ್ತು.

ನೀವು ಇವರ ಹಾಡು ಇದುವರೆಗೆ ಕೇಳಿಲ್ಲ ಅಂದರೆ ಇದರಿಂದಲೇ ಶುರುಮಾಡಿ. ಫೋನಿನ ಸ್ಪೀಕರಿನಲ್ಲಿ ಬೇಡ, ಎರಡೂ ಕಿವಿಗೆ ಇಯರ್‌ಫೋನ್ ಹಾಕಿಕೊಳ್ಳಿ. ಮೊದಲ ಸಲ ಸುಮ್ನೆ ಕೇಳಿ. ಎರಡನೇ ಸಲ ನಡುವಿನ ಗುಂಪು ದನಿಗಳಲ್ಲಿ ಒಂದೇ ದನಿಯ ಬೆನ್ನುಹತ್ತಿ, ಎಡಗಿವಿಯಿಂದ ಬಲಗಿವಿಗೆ ಅದು ಹೇಗೆ ಓಡಾಡುತ್ತದೆ ನೋಡಿ. ಆ ಭಾಗ ಮುಗಿದು ಗಿಟಾರ್ ಬರುವ ಮುಂಚೆ ಎಲ್ಲಕ್ಕಿಂತ ಮೇಲೆ ಒಂದು ಚೂಪಾದ ದನಿ ಏರುತ್ತದೆ. ಎಷ್ಟೋ ದಿನ ಅದು ಫ್ರೆಡ್ಡಿಯದೇ ಅಂತ ತಿಳಿದಿದ್ದೆ. ಅಲ್ಲ, ಅದು ಡ್ರಮ್ ಬಾರಿಸುವ ರೋಜರ್ ಟೇಲರ್. ನಮ್ಮ ಪ್ಯಾಡಿನ ಹುಡುಗನಿಗೆ ಇದನ್ನು ಹೇಳಿದಾಗಿನಿಂದ ಅವನು ತನಗೂ ಒಂದು ಮೈಕ್ ಬೇಕು ಅಂತ ಕೂತಿದ್ದಾನೆ.