ಆನೆ ಊರು ಬಿಟ್ಟಿತು, ಮಗ ಮಾತು ಬಿಟ್ಟ

ಪ್ರಶ್ನೆ: ನನಗೆ 49 ವರ್ಷ. ಊರು ಶಿವಮೊಗ್ಗ. 2001ರಿಂದ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದೇನೆ. 2002ರ ಸೆಪ್ಟೆಂಬರ್ 4ರಂದು ಆಫೀಸಿನ ಗೆಳೆಯನೊಬ್ಬ ಒಂದು ಟಿಕೆಟ್ ಉಳಿದಿದೆ ಅಂತ ಓಕ್ಲೆಂಡ್ ಅಥ್ಲೆಟಿಕ್ಸ್ ಟೀಮಿನ ಬೇಸ್‌ಬಾಲ್ ಆಟಕ್ಕೆ ಕರೆದುಕೊಂಡು ಹೋದ. ಅವತ್ತಿನಿಂದ ಆ ಟೀಮ್ ನನ್ನದು. ಅದರ ಗುರುತು ಆನೆ. ನನ್ನ ಅಪ್ಪ ಪ್ರತಿ ಭಾನುವಾರ ಫೋನಿನಲ್ಲಿ 'ನಿನ್ನ ಆನೆ ಗೆದ್ದಿತೇನೋ?' ಅಂತ ಕೇಳುತ್ತಿದ್ದರು. ಮಗ ಹುಟ್ಟಿದ ಮೇಲೆ ಅವನೂ ಜೊತೆಗೆ ಬಂದ. ಬಾರ್ಟ್ ರೈಲಿನಲ್ಲಿ ಹೋಗಿ, ಡ್ರಮ್ ಬಾರಿಸುವವರ ಪಕ್ಕ ಕೂರುತ್ತಿದ್ದೆವು. ಟೀಮ್ ಊರು ಬಿಡುತ್ತದೆ ಅಂತಾದಾಗ 2023ರ ಪ್ರತಿಭಟನೆಗೂ ಇಬ್ಬರೂ ಹೋಗಿದ್ದೆವು. ಏನೂ ಉಪಯೋಗವಾಗಲಿಲ್ಲ. ಈಗ ಅವರು ವೆಸ್ಟ್ ಸ್ಯಾಕ್ರಮೆಂಟೊದಲ್ಲಿ ಆಡುತ್ತಾರೆ, ಮುಂದೆ ಲಾಸ್ ವೇಗಸ್‌ಗೆ ಹೋಗುತ್ತಾರೆ. ಆ ಮಾಲೀಕರಿಗೆ ಇನ್ನು ಒಂದು ಡಾಲರೂ ಕೊಡುವುದಿಲ್ಲ ಅಂತ ಶಪಥ ಮಾಡಿದೆ. ಆದರೆ 16 ವರ್ಷದ ಮಗ ರಜೆಯಲ್ಲಿ ದುಡಿದ ದುಡ್ಡಿನಲ್ಲಿ, ನನ್ನ ಹುಟ್ಟುಹಬ್ಬಕ್ಕೆ ಅಂತ ಅಲ್ಲಿನ ಎರಡು ಟಿಕೆಟ್ ತಂದ. ನಾನು ಸಿಟ್ಟಿನಲ್ಲಿ 'ನಿನಗೆ ನಾಚಿಕೆ ಆಗಲ್ವಾ?' ಅಂದುಬಿಟ್ಟೆ. ಅವನು ಗೆಳೆಯನ ಜೊತೆ ಹೋಗಿ ಬಂದ. ಎರಡು ತಿಂಗಳಾಯಿತು, 'ಊಟ ಆಯ್ತಾ' ಅಂದರೆ 'ಹೂಂ', ಅಷ್ಟೇ. ಹೆಂಡತಿ 'ಬರೀ ಆಟ ಅಲ್ವಾ' ಅನ್ನುತ್ತಾಳೆ. ಕೊನೆಯ ಆಟದ ದಿನ ನಾನು ತಂದ ಮೈದಾನದ ಮಣ್ಣನ್ನು ಶೆಲ್ಫಿನಿಂದ ತೆಗೆಯಿರಿ ಅನ್ನುತ್ತಾಳೆ. ಅಪ್ಪ ತೀರಿಕೊಂಡಾಗಲೂ ನಾನು ಅಷ್ಟು ಅತ್ತಿರಲಿಲ್ಲ. ಅವತ್ತು ಸ್ಟೇಡಿಯಮ್ಮಿನಲ್ಲಿ ಅತ್ತೆ. ನನಗೇ ನಾಚಿಕೆ. ಸುಮ್ನೆ ಪಕ್ಕದೂರಿನ ಬೇಸ್‌ಬಾಲ್ ಟೀಮ್ ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್ ಕಡೆ ಹೋಗಿಬಿಡಲಾ? ಮಗನ ಜೊತೆ ಮಾತು ಎಲ್ಲಿಂದ ಶುರು ಮಾಡಲಿ?

ಉತ್ತರ: ಸುಲಭದ್ದು ಮೊದಲು ಮುಗಿಸೋಣ. ಜೈಂಟ್ಸ್ ಕಡೆ ಹೋಗಬೇಡಿ. ನಿಮ್ಮ ಕೈಲಿ ಆಗೋದಿಲ್ಲ. 1989ರ ವರ್ಲ್ಡ್ ಸೀರೀಸ್‌ನಲ್ಲಿ, ಅಂದರೆ ಬೇಸ್‌ಬಾಲಿನ ಫೈನಲ್ ಸರಣಿಯಲ್ಲಿ, ಇದೇ ಜೈಂಟ್ಸ್ ಎದುರು, ಮಧ್ಯೆ ಭೂಕಂಪ ಆಗಿ ಹತ್ತು ದಿನ ಆಟ ನಿಂತರೂ, ನಾಲ್ಕಕ್ಕೆ ನಾಲ್ಕೂ ಗೆದ್ದ ಟೀಮ್ ನಿಮ್ಮದು. ಮೂರನೇ ದಿನಕ್ಕೇ ನಿಮ್ಮ ಬಾಯಿಂದ ಆ ಕಥೆ ಹೊರಬೀಳುತ್ತದೆ. ಪಕ್ಕದಲ್ಲಿ ಕೂತವರು ನಿಮ್ಮನ್ನು ಎಬ್ಬಿಸಿ ಕಳಿಸುತ್ತಾರೆ.

ಇನ್ನು ಅಳು. ನಿಮ್ಮ ಹೆಂಡತಿ ಹೇಳುವ 'ಬರೀ ಆಟ'ದ ಬಗ್ಗೆ ನನಗೂ ಸ್ವಲ್ಪ ಗೊತ್ತು. ನಾನು ಬೆಂಗಳೂರಿನವಳು. ಹದಿನೆಂಟು ವರ್ಷ 'ಈ ಸಲ ಕಪ್ ನಮ್ದೇ' ಅಂದು, 2025ರ ಜೂನ್ 3ರ ರಾತ್ರಿವರೆಗೆ ಕಾದ ಮನೆ ನಮ್ಮದು. ಮೂರು ಫೈನಲ್ ಸೋತಾಗಲೂ ನಮ್ಮ ಯಜಮಾನರು ಊಟ ಬಿಟ್ಟು ಮಲಗಿದ್ದರು. ಆದರೆ ನಮಗೂ ನಿಮಗೂ ಒಂದು ವ್ಯತ್ಯಾಸ ಇದೆ. ನಮ್ಮವರು ಸೋತರೂ ಮುಂದಿನ ವರ್ಷ ಚಿನ್ನಸ್ವಾಮಿಗೇ ವಾಪಸ್ ಬರುತ್ತಿದ್ದರು. ಸೋಲು ನುಂಗಬಹುದು. ಟೀಮೇ ಗಂಟುಮೂಟೆ ಕಟ್ಟಿಕೊಂಡು ಹೊರಟರೆ ಯಾರ ಮೇಲೆ ಮುನಿಸಿಕೊಳ್ಳಬೇಕು? 2024ರ ಸೆಪ್ಟೆಂಬರ್ 26ರಂದು, ಆ ಕೊನೆಯ ಆಟಕ್ಕೆ, ಓಕ್ಲೆಂಡ್ ಕೊಲಿಸಿಯಮ್ ಸ್ಟೇಡಿಯಮ್ಮಿಗೆ 46,889 ಜನ ಬಂದಿದ್ದರು. ಟೆಕ್ಸಸ್ ರೇಂಜರ್ಸ್ ಎದುರು 3-2ರಲ್ಲಿ ಗೆದ್ದೂ ಅತ್ತರು. ಗೆದ್ದ ದಿನ ಅಳುವವರನ್ನು ನೋಡಿದ್ದೀರಾ? ನೀವೊಬ್ಬರೇ ಅಲ್ಲ ಸ್ವಾಮಿ.

ಅಪ್ಪನಿಗಿಂತ ಜಾಸ್ತಿ ಸ್ಟೇಡಿಯಮ್ಮಿಗೆ ಅತ್ತೆ ಅಂತ ಲೆಕ್ಕ ಹಾಕಿದ್ದೀರಲ್ಲ, ಆ ಲೆಕ್ಕವನ್ನು ಇನ್ನೊಮ್ಮೆ ಹಾಕಿ. 'ನಿನ್ನ ಆನೆ ಗೆದ್ದಿತೇನೋ' ಅಂತ ಕೇಳುತ್ತಿದ್ದವರು ಯಾರು? ಸಕ್ರೆಬೈಲಿನ ಆನೆ ನೋಡಿ ಬೆಳೆದ ಊರಿನವರು, ಕಾಣದ ಆಟವೊಂದರ ಫಲಿತಾಂಶವನ್ನು ಮಗನ ದನಿ ಕೇಳುವುದಕ್ಕೋಸ್ಕರ ವಿಚಾರಿಸುತ್ತಿದ್ದರು. ಆ ಆನೆ ಹೊರಟ ದಿನ ನೀವು ಎರಡು ಅಳುವನ್ನು ಒಟ್ಟಿಗೆ ಅತ್ತಿರಬಹುದು.

ಆನೆಯ ಕಥೆ ನಿಮಗೆ ಗೊತ್ತಿರುತ್ತದೆ, ಉಳಿದ ಓದುಗರಿಗಾಗಿ ಹೇಳುತ್ತೇನೆ. ಈ ಟೀಮ್ ಹುಟ್ಟಿದ್ದು 1901ರಲ್ಲಿ, ಫಿಲಡೆಲ್ಫಿಯಾದಲ್ಲಿ. ಮರುವರ್ಷ ಜಾನ್ ಮೆಕ್‌ಗ್ರಾ ಅನ್ನುವ ಎದುರಾಳಿ ಮ್ಯಾನೇಜರ್ ಇದನ್ನು ಬಿಳಿ ಆನೆ ಅಂತ ಹಂಗಿಸಿದ. ಸಾಕಿದವರ ಮನೆ ಮುಳುಗಿಸುವ ಆನೆ ಅನ್ನುವ ಅರ್ಥದಲ್ಲಿ. ಇವರ ಮ್ಯಾನೇಜರ್ ಕಾನಿ ಮ್ಯಾಕ್ ಸಿಟ್ಟಾಗಲಿಲ್ಲ, ಆ ಆನೆಯನ್ನೇ ಟೀಮಿನ ಗುರುತು ಮಾಡಿಕೊಂಡ. ಆಮೇಲೆ ಆ ಆನೆ 1955ಕ್ಕೆ ಕಾನ್ಸಾಸ್ ಸಿಟಿಗೆ ಹೋಯಿತು. 1968ಕ್ಕೆ ಓಕ್ಲೆಂಡ್‌ಗೆ ಬಂತು. ಅಂದರೆ ನಿಮ್ಮ ಊರಿಗೆ ಅದು ಬಂದಾಗ, ಇನ್ನೊಂದು ಊರಿನ ಅಪ್ಪಂದಿರು ನಿಮ್ಮ ಹಾಗೆಯೇ ಟೋಪಿ ತೆಗೆದು ಅಟ್ಟಕ್ಕೆ ಹಾಕಿರಬೇಕು. ನಿಮ್ಮ ಮೊದಲ ಆಟವನ್ನೇ ನೆನಪು ಮಾಡಿಕೊಳ್ಳಿ. 11-0 ಮುಂದಿದ್ದವರು 11-11 ಮಾಡಿಕೊಂಡರು. ಕೊನೆಗೆ ಸ್ಕಾಟ್ ಹ್ಯಾಟೆಬರ್ಗ್ ಚೆಂಡನ್ನು ಗೋಡೆಯಾಚೆ ಅಟ್ಟಿ ಹೊಡೆದ ಹೋಮ್ ರನ್‌ನಿಂದ ಸತತ 20ನೇ ಗೆಲುವು. ಅವತ್ತು ಎದುರಿಗಿದ್ದದ್ದು ಯಾವ ಊರಿನ ಟೀಮ್? ಕಾನ್ಸಾಸ್ ಸಿಟಿಯದೇ ಅಲ್ವಾ?

ಇದನ್ನು ಹೇಳಿದ್ದು ನಿಮ್ಮ ಸಿಟ್ಟು ಸುಳ್ಳು ಅಂತಲ್ಲ. ಸಿಟ್ಟು ನಿಜವಾದದ್ದೇ. ಶಪಥ ಮುರಿಯಿರಿ ಅಂತಲೂ ನಾನು ಹೇಳುವುದಿಲ್ಲ. ಆದರೆ ಏಕಾದಶಿ ಉಪವಾಸ ಹಿಡಿದವರು ಮಕ್ಕಳ ತಟ್ಟೆ ಎತ್ತಿಡುವುದಿಲ್ಲ. ವ್ರತ ನಿಮ್ಮದು, ಹಸಿವು ಅವನದು. ನೀವು ಮಾಡಿದ ತಪ್ಪು ಅಷ್ಟೇ, ಆದರೆ ಅದು ಚಿಕ್ಕದಲ್ಲ.

ಅವನ ಕಡೆಯಿಂದ ನೋಡಿ. ಅವನಿಗೆ ಬುದ್ಧಿ ತಿಳಿಯುವ ಹೊತ್ತಿಗೆ, 2019ರಲ್ಲಿ, ಪಕ್ಕದ ಅಂಗಳದ ಬಾಸ್ಕೆಟ್‌ಬಾಲ್ ಟೀಮ್ ವಾರಿಯರ್ಸ್ ಸೇತುವೆ ದಾಟಿ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಯಿತು. ಮರುವರ್ಷ ಫುಟ್‌ಬಾಲಿನ ರೈಡರ್ಸ್ ವೇಗಸ್ ಸೇರಿತು. ಕೊನೆಗೆ ಇದು. ದೊಡ್ಡವರು ಒಂದೊಂದಾಗಿ ಬೀಗ ಹಾಕುತ್ತಾ ಹೋದದ್ದನ್ನು ಆ ಹುಡುಗ ನೋಡಿದ್ದಾನೆ. ಅವನು ಇಷ್ಟಪಡುವ ಆಟಗಾರರು ಊರು ಬಿಡೋಣ ಅಂದವರಲ್ಲ, ಅವರನ್ನೂ ಕರೆದುಕೊಂಡು ಹೋದದ್ದು. ಅವರನ್ನು ಬಿಡಲು ಅವನಿಗೆ ಮನಸ್ಸಿಲ್ಲ. ಹೀಗೆ ಹಿಡಿದುಕೊಳ್ಳುವುದನ್ನು ಅವನು ಯಾರಿಂದ ಕಲಿತ?

ಇನ್ನೊಂದು ಮಾತು. ನೀವಿಬ್ಬರೂ ಹೋಗಿದ್ದ ಆ ಪ್ರತಿಭಟನೆ, 2023ರ ಜೂನ್ 13ರದು, ಹೇಗಿತ್ತು? ಖಾಲಿ ಹೊಡೆಯುತ್ತಿದ್ದ ಸ್ಟೇಡಿಯಮ್ಮಿಗೆ ಬೇಕೆಂದೇ 27,759 ಜನ ಟಿಕೆಟ್ ತೆಗೆದುಕೊಂಡು ಬಂದರು. ಹಸಿರು ಅಂಗಿ ಹಾಕಿ, 'ಸೆಲ್, ಸೆಲ್', ಅಂದರೆ ಟೀಮನ್ನು ಮಾರಿಬಿಡಿ ಅಂತ ಮಾಲೀಕರಿಗೆ ಕೂಗಿದರು. ದುಡ್ಡು ಕೊಟ್ಟು ಒಳಗೆ ಹೋಗುವುದೇ ಅವತ್ತಿನ ಪ್ರತಿಭಟನೆ. ಆ ಹುಡುಗನಿಗೆ ಆಗ 14 ಇರಬೇಕು. ಗೇಟಿನೊಳಗೆ ಹೋಗುವುದು ದ್ರೋಹ ಅಲ್ಲ, ಪ್ರೀತಿ ಅಂತ ನೀವೇ ಕೈಹಿಡಿದು ತೋರಿಸಿದ್ದೀರಿ. ಎರಡು ವರ್ಷದಲ್ಲಿ ನಿಯಮ ಬದಲಾಯಿತು ಅಂತ ಅವನಿಗೆ ಯಾರು ಹೇಳಿದರು?

ಮಾತು ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ಅವನ ರೂಮಿನ ಬಾಗಿಲಲ್ಲಿ ನಿಂತು 'ಆ ಟಿಕೆಟ್ ತಂದಾಗ ನಾನು ಹಾಗೆ ಅನ್ನಬಾರದಿತ್ತು ಕಣೋ' ಅನ್ನಿ. ಅದಕ್ಕೆ 'ಆದರೆ' ಸೇರಿಸಬೇಡಿ. ಮಾಲೀಕರ ವಿಷಯ ಎತ್ತಬೇಡಿ. ಅವನು 'ಹೂಂ' ಅಂದರೆ ಅವತ್ತಿಗೆ ಅಷ್ಟು ಸಾಕು, ವಾಪಸ್ ಬನ್ನಿ. ಒಂದೆರಡು ದಿನ ಬಿಟ್ಟು ಆಟದ ಬಗ್ಗೆ ಕೇಳಿ. ಯಾರು ಪಿಚ್ ಮಾಡಿದರು, ಮೈದಾನ ಎಷ್ಟು ಚಿಕ್ಕದು, ಡ್ರಮ್ ಇತ್ತಾ? ನಿಜವಾಗಿ ತಿಳಿದುಕೊಳ್ಳಬೇಕು ಅಂತ ಕೇಳಿ, ಪರೀಕ್ಷೆ ಮಾಡುವ ಹಾಗಲ್ಲ. ನಿಮಗೂ ತಿಳಿದುಕೊಳ್ಳುವ ಆಸೆ ಇದೆ ಅಂತ ನನಗೆ ಗುಮಾನಿ.

ಅವನು ಮತ್ತೆ ಹೋಗುತ್ತೇನೆ ಅಂದರೆ ನೀವೇ ಕಾರು ತೆಗೆಯಿರಿ. ಫ್ರೀಮಾಂಟ್‌ನಿಂದ ಸುಮಾರು ಎರಡು ತಾಸು, ಟ್ರಾಫಿಕ್ ಸಿಕ್ಕಿದರೆ ಇನ್ನೂ ಜಾಸ್ತಿ. ಹದಿನಾರರ ಹುಡುಗರು ಮುಖ ಕೊಟ್ಟು ಮಾತಾಡದಿದ್ದರೂ ಪಕ್ಕದ ಸೀಟಿನಲ್ಲಿ ಕೂತು ಮುಂದೆ ನೋಡುತ್ತಾ ಮಾತಾಡುತ್ತಾರೆ. ಅವನನ್ನು ಗೇಟಿನಲ್ಲಿ ಇಳಿಸಿ. ಒಳಗೆ ಹೋಗಲು ಮನಸ್ಸು ಬಂದರೆ ಹೋಗಿ, ಬರದಿದ್ದರೆ ಹೊಳೆಯ ದಂಡೆಯಲ್ಲಿ ಕೂತು ರೇಡಿಯೋ ಹಚ್ಚಿಕೊಳ್ಳಿ. ಆಮೇಲೆ ಕರೆದುಕೊಂಡು ಬನ್ನಿ. ಹೊರಗೇ ಕೂತರೆ ಶಪಥವೂ ಉಳಿಯಿತು, ಮಗನೂ ಒಬ್ಬನೇ ಹೋದಂತಾಗಲಿಲ್ಲ. ಇದು ಎಡಬಿಡಂಗಿತನ ಅಂತ ನಿಮ್ಮ ಗೆಳೆಯರು ನಗಬಹುದು. ನಗಲಿ ಬಿಡಿ.

ಇದಕ್ಕೆ ಪ್ರತಿಯಾಗಿ ಒಂದು ದಿನ ನಿಮ್ಮ ಜೊತೆ ವೆಸ್ಟ್ ಓಕ್ಲೆಂಡಿನ ರೈಮಂಡಿ ಪಾರ್ಕಿಗೆ ಬಾ ಅಂತ ಅವನನ್ನು ಕರೆಯಿರಿ. ಅಲ್ಲಿ ಓಕ್ಲೆಂಡ್ ಬ್ಯಾಲರ್ಸ್ ಅನ್ನುವ ಸಣ್ಣ ಟೀಮ್ 2024ರಿಂದ ಆಡುತ್ತಿದೆ. ದೊಡ್ಡ ಲೀಗ್ ಅಲ್ಲ, ಪಯೊನಿಯರ್ ಲೀಗ್. 2025ರಲ್ಲಿ ಅದನ್ನು ಗೆದ್ದರು ಕೂಡ. ಅಥ್ಲೆಟಿಕ್ಸ್ ಆಗಲು ಅದಕ್ಕೆ ಸಾಧ್ಯವಿಲ್ಲ, ಆ ಭ್ರಮೆ ಇಟ್ಟುಕೊಂಡು ಹೋಗಬೇಡಿ. ಬಾರ್ಟ್‌ನಲ್ಲಿ ಹೋಗಿ ಬರುವ ಹಳೇ ಅಭ್ಯಾಸಕ್ಕೆ ಒಂದು ದಾರಿ ಅಂತ ಇಟ್ಟುಕೊಳ್ಳಿ.

ಕೊನೆಗೆ ಮಣ್ಣು. ನಿಮ್ಮ ಹೆಂಡತಿಯ ಉಳಿದ ಮಾತಿಗೆಲ್ಲ ನಾನು ಅವರ ಪಕ್ಷ, ಮನೆಯಲ್ಲಿ ಇಬ್ಬರು ಗಂಡಸರು ಮುಖ ಊದಿಸಿಕೊಂಡು ಕೂತರೆ ಯಾರಿಗೆ ತಾನೇ ಸಾಕಾಗುವುದಿಲ್ಲ. ಇದೊಂದರಲ್ಲಿ ಮಾತ್ರ ನಿಮ್ಮ ಪಕ್ಷ. ಮಣ್ಣು ಅಲ್ಲೇ ಇರಲಿ. ಆದರೆ ಡಬ್ಬಿಗೆ ಒಂದು ಮುಚ್ಚಳ ಹಾಕಿ.