ಓದುಗರ ಪ್ರಶ್ನೆ: ಹೂದಾನಿಯಲ್ಲಿ ಇಷ್ಟು ಹೂವು ಹೇಗೆ ಬಂತು?

ಪ್ರಶ್ನೆ: ಪರಿಚಯದವರು ಹಾಲೆಂಡಿನ ಹಳೇ ಹೂದಾನಿ ಚಿತ್ರವೊಂದರ ದೊಡ್ಡ ಪ್ರಿಂಟ್ ಕೊಟ್ಟಿದ್ದಾರೆ. ಬಹಳ ಚೆನ್ನಾಗಿದೆ. ಆದರೆ ಹತ್ತಿರ ಹೋಗಿ ನೋಡಿದರೆ ಎಲೆಗಳಲ್ಲಿ ತೂತು, ಕೆಳಗೆ ಉದುರಿದ ಎಸಳು, ಜೊತೆಗೆ ಒಂದು ನೊಣ ಬೇರೆ. ಇದೆಲ್ಲ ಸಾವಿನ ಸಂಕೇತ, ಮನೆಯಲ್ಲಿ ಹಾಕಬೇಡಿ ಅಂತ ನಮ್ಮ ನಾದಿನಿ ಹೇಳ್ತಾರೆ. ಹೌದಾ?
(ಓದುಗರೊಬ್ಬರು, ಶಿವಮೊಗ್ಗ)

ಉತ್ತರ: ಧಾರಾಳವಾಗಿ ಹಾಕಿ. ನಿಮ್ಮ ನಾದಿನಿ ಹೇಳಿದ್ದರಲ್ಲಿ ಅರ್ಧ ನಿಜ ಇದೆ. 17ನೇ ಶತಮಾನದ ಹಾಲೆಂಡಿನಲ್ಲಿ ಹೂವಿನ ಚಿತ್ರ ನೋಡಿದವರಿಗೆ ಬದುಕು ಎಷ್ಟು ಬೇಗ ಬಾಡುತ್ತದೆ ಅನ್ನೋದು ನೆನಪಾಗುತ್ತಿತ್ತು. ಮನುಷ್ಯನನ್ನು ಹೊಲದ ಹೂವಿಗೆ ಹೋಲಿಸಿದ ಮಾತು ಅವರು ಓದುತ್ತಿದ್ದ ಬೈಬಲ್ಲಿನಲ್ಲೇ ಇದೆ. ಕೆಲವು ಕಲಾವಿದರು ಹೂವಿನ ಪಕ್ಕದಲ್ಲೇ ತಲೆಬುರುಡೆ, ಮರಳು ಗಡಿಯಾರ ಇಟ್ಟು ಆ ಮಾತನ್ನು ಬಾಯಿಬಿಟ್ಟು ಹೇಳಿದ್ದಾರೆ. ಹಾಗಂತ ಪ್ರತಿ ನೊಣಕ್ಕೂ ಪ್ರತಿ ಎಸಳಿಗೂ ನಿಘಂಟಿನ ಥರ ಒಂದೊಂದು ಅರ್ಥ ಹುಡುಕುತ್ತಾ ಕೂತರೆ ಹೂವೇ ಕಾಣದೆ ಹೋಗುತ್ತದೆ. ಎಲೆಯಲ್ಲಿ ತೂತು ಯಾಕಿದೆ? ಹುಳ ತಿಂದಿದೆ. ಕಲಾವಿದ ಅದನ್ನು ನೋಡಿದ್ದಾನೆ, ಬಿಡದೆ ಬರೆದಿದ್ದಾನೆ.

ಈಗ ಚಿತ್ರದ ಮುಂದೆ ಮತ್ತೆ ನಿಂತ್ಕೊಳ್ಳಿ. ಡ್ಯಾಫೊಡಿಲ್ ಇದೆಯಾ, ಟುಲಿಪ್ ಇದೆಯಾ, ಗುಲಾಬಿ ಇದೆಯಾ? ಅಲ್ಲಿ ಡ್ಯಾಫೊಡಿಲ್ ಅರಳೋದು ಮಾರ್ಚ್ ಹೊತ್ತಿಗೆ, ಟುಲಿಪ್ ಏಪ್ರಿಲ್-ಮೇನಲ್ಲಿ, ಗುಲಾಬಿ ಜೂನ್‌ನಲ್ಲಿ. ಶೀತಲ ಪೆಟ್ಟಿಗೆ ಇಲ್ಲದ ಕಾಲದಲ್ಲಿ ಇವೆಲ್ಲ ಒಂದೇ ಹೂದಾನಿಯಲ್ಲಿ ಹೇಗೆ ಬಂದವು? ಬಂದೇ ಇಲ್ಲ. ಹೂವು ಸಿಕ್ಕಾಗ ಒಂದೊಂದನ್ನೂ ಬಿಡಿಯಾಗಿ ಬರೆದಿಟ್ಟುಕೊಂಡು, ಆಮೇಲೆ ಜೋಡಿಸುತ್ತಿದ್ದರು. ಹೇಗ್ ನಗರದ ಮೌರಿಟ್ಸ್‌ಹೌಸ್ ಮ್ಯೂಸಿಯಂನಲ್ಲಿ ಬೊಸ್ಕಾರ್ಟ್ 1618ರ ಸುಮಾರಿಗೆ ಬರೆದ ಹೂದಾನಿ ಚಿತ್ರ ಇದೆ. ಅದರಲ್ಲೂ ಹೀಗೇ ಬೇರೆ ಬೇರೆ ಕಾಲದ ಹೂವುಗಳು ಒಟ್ಟಿಗೆ ಅರಳಿವೆ. ಹಾಗಾಗಿ ನನಗೆ ಇವು ಸಾವಿಗಿಂತ ಜಾಸ್ತಿ, ಹೂವನ್ನು ಬಿಟ್ಟುಕೊಡಲು ಮನಸ್ಸಾಗದವರ ಚಿತ್ರಗಳಾಗಿ ಕಾಣುತ್ತವೆ.

ಟುಲಿಪ್ ಎಸಳಿನ ಬಿಳಿಯ ಮೇಲೆ ಕೆಂಪು ಗೆರೆ ಬೆಂಕಿಯ ನಾಲಿಗೆ ಹಾಗೆ ಮೇಲೆದ್ದಿದ್ದರೆ ಸ್ವಲ್ಪ ಹೊತ್ತು ಅಲ್ಲೇ ನಿಲ್ಲಿ. ಜನ ಅಂಥ ಗಡ್ಡೆಗೆ ದುಡ್ಡು ಸುರಿದರು. 1637ರ ಫೆಬ್ರವರಿಯಲ್ಲಿ ಟುಲಿಪ್ ವ್ಯಾಪಾರ ಕುಸಿದುಬಿತ್ತು. ಆ ಗೆರೆಗಳಿಗೆ ಕಾರಣ ಒಂದು ವೈರಸ್, ಅದನ್ನು ಗಿಡದಿಂದ ಗಿಡಕ್ಕೆ ಹರಡುವುದು ರಸ ಹೀರುವ ಗಿಡಹೇನು ಅಂತ ಗೊತ್ತಾದದ್ದು 20ನೇ ಶತಮಾನದಲ್ಲಿ. ಅಂದರೆ ಆ ಕಾಲದವರು ಅತಿ ಚೆಂದ ಅಂತ ಬರೆದ ಹೂವು, ಕಾಯಿಲೆ ಬಿದ್ದ ಹೂವು. ಅದು ಅವರಿಗೆ ಗೊತ್ತೇ ಇರಲಿಲ್ಲ.

ಇನ್ನೊಂದು ಹೆಸರು ಹೇಳದೆ ಮುಗಿಸಲಾರೆ. ಹಾಲೆಂಡಿನ ಹೂವಿನ ಚಿತ್ರಗಾರ್ತಿ ರೇಚಲ್ ರಾಯ್ಷ್, ಹುಟ್ಟಿದ್ದು 1664ರಲ್ಲಿ. ಅಪ್ಪ ಅಂಗರಚನಾ ಶಾಸ್ತ್ರಜ್ಞ, ಸಸ್ಯಶಾಸ್ತ್ರವನ್ನೂ ಬಲ್ಲವರು. ಮನೆಯಲ್ಲೇ ಗಿಡ, ಹುಳ, ಪ್ರಾಣಿಗಳ ದೊಡ್ಡ ಸಂಗ್ರಹ ಇತ್ತು. 15ನೇ ವಯಸ್ಸಿಗೆ ಗುರುವಿನ ಹತ್ತಿರ ಸೇರಿದ ಈಕೆ ಹತ್ತು ಮಕ್ಕಳ ತಾಯಿಯಾಗಿಯೂ ಕುಂಚ ಕೆಳಗಿಡಲಿಲ್ಲ. 83ನೇ ವಯಸ್ಸಿನಲ್ಲೂ ಬರೆದು, ಸಹಿಯ ಜೊತೆ ವಯಸ್ಸನ್ನೂ ಹಾಕಿದ್ದಾರೆ. ಅವರ ಹೂಗಳು ನೆಟ್ಟಗೆ ನಿಲ್ಲೋದಿಲ್ಲ. ಭಾರಕ್ಕೆ ದಂಟು ಬಾಗಿರುತ್ತದೆ, ಒಂದೆರಡು ಹೂವು ನಮಗೆ ಬೆನ್ನು ಹಾಕಿರುತ್ತವೆ. ನಮ್ಮ ಮನೆ ಚೊಂಬಿನಲ್ಲಿ ಸುಮ್ನೆ ಇಟ್ಟ ಹೂವೂ ಹಾಗೇ ಅಲ್ವಾ?

ಪ್ರಶ್ನೆ: ಇಂಥ ಚಿತ್ರಗಳಲ್ಲಿ ಎಲೆ ಯಾಕೆ ನೀಲಿ? ಪ್ರಿಂಟಿನ ತಪ್ಪಾ?
(ಕಾಲೇಜು ವಿದ್ಯಾರ್ಥಿ, ಧಾರವಾಡ)

ಉತ್ತರ: ಪ್ರಿಂಟಿನ ತಪ್ಪಲ್ಲ. ನೀಲಿಗೆ ಹಳದಿ ಸೇರಿಸಿ ಹಸಿರು ಮಾಡುತ್ತಿದ್ದರು. ಆ ಹಳದಿಯನ್ನು ಎಷ್ಟೋ ಸಲ ಗಿಡದ ರಸದಿಂದ ತೆಗೆಯುತ್ತಿದ್ದರು. ಅದು ಬೆಳಕಿಗೆ ನಿಧಾನವಾಗಿ ಮಾಸಿಹೋಯಿತು, ನೀಲಿ ಉಳಿಯಿತು. ಹೂವು ಉಳಿಯಲಿ ಅಂತ ಬರೆದರೆ ಅದರ ಎಲೆಯ ಬಣ್ಣವೇ ಬಾಡಿತು. ವ್ಯಾನ್ ಗೋ ಕಥೆಯೂ ಇದೇ. ಗೆಳೆಯ ಗೊಗ್ಯಾನ್ ಬರ್ತಾನೆ, ಅವನ ಕೋಣೆ ಚೆಂದ ಕಾಣಲಿ ಅಂತ 1888ರ ಆಗಸ್ಟಿನಲ್ಲಿ ಆರ್ಲ್ ಊರಿನಲ್ಲಿ ಸೂರ್ಯಕಾಂತಿ ಬರೆದ. ಸೂರ್ಯಕಾಂತಿ ತನಗೆ ಕೃತಜ್ಞತೆಯ ಗುರುತು ಅನ್ನೋ ಅರ್ಥದಲ್ಲಿ ಆಮೇಲೆ ಒಂದು ಪತ್ರದಲ್ಲಿ ಬರೆದಿದ್ದಾನೆ. ಅವನು ಬಳಸಿದ ಕ್ರೋಮ್ ಹಳದಿಯೂ ಬೆಳಕಿಗೆ ಕಂದಾಗುವ ಬಣ್ಣ.

ಪ್ರಶ್ನೆ: ನಿವೃತ್ತಿಯಾದ ಮೇಲೆ ಬಣ್ಣ ಹಿಡಿದಿದ್ದೇನೆ. ಹೂವು ನೋಡಿ ಬರೆಯಲು ಕೂತರೆ ಮುಗಿಯುವ ಮೊದಲೇ ಬಾಡುತ್ತದೆ. ಫೋಟೋ ನೋಡಿ ಬರೆಯಲೇ?
(ನಿವೃತ್ತ ಶಿಕ್ಷಕಿ, ಮೈಸೂರು)

ಉತ್ತರ: ಮೇಡಂ, ಈ ಕಷ್ಟ ದೊಡ್ಡವರಿಗೂ ಇತ್ತು. ಹಳದಿ ಗುಲಾಬಿ ಸಿಗಲಿಲ್ಲ, ಹಾಗಾಗಿ ಚಿತ್ರ ಮುಗಿದಿಲ್ಲ ಅಂತ ಹಾಲೆಂಡಿನ ಕಲಾವಿದ ಯಾನ್ ವಾನ್ ಹೈಸಮ್, ಚಿತ್ರ ಕೇಳಿದವರಿಗೆ ಪತ್ರ ಬರೆದಿದ್ದರು. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ಅವರ ಒಂದು ಹೂದಾನಿ ಚಿತ್ರದ ಮೇಲೆ 1736, 1737 ಎರಡೂ ಇಸವಿ ಇವೆ. ಫೋಟೋ ಇಟ್ಟುಕೊಳ್ಳಿ, ತಪ್ಪೇನಿಲ್ಲ. ಆದರೆ ಮೊದಲು ಹಿತ್ತಲಿನ ದಾಸವಾಳ ಒಂದನ್ನು ಬೆಳಿಗ್ಗೆಯೇ ಕಿತ್ತು ಮೇಜಿನ ಮೇಲಿಡಿ. ಒಂದೇ ಹೂವು ಸಾಕು. ಪೂರ್ತಿ ಅರಳಿದಾಗ ಒಂದು ಸಲ, ಮಧ್ಯಾಹ್ನ ಒಂದು ಸಲ, ಸಂಜೆ ಎಸಳು ಸುತ್ತಿಕೊಳ್ಳುವಾಗ ಇನ್ನೊಂದು ಸಲ ಪೆನ್ಸಿಲ್ಲಿನಲ್ಲಿ ಬರೆಯಿರಿ. ಆ ಮೂರು ಹಾಳೆ ನಮಗೂ ಕಳಿಸಿಕೊಡಿ.