ಮೀಟರಿನಲ್ಲಿ 40 ಓಮ್, ಲೆಕ್ಕದಲ್ಲಿ 529: ಬಲ್ಬ್ ಕೆಟ್ಟಿಲ್ಲ

100 ವ್ಯಾಟಿನ ಹಳೇ ಕಾಲದ ಬಲ್ಬನ್ನು ಮಲ್ಟಿಮೀಟರ್‌ನಲ್ಲಿ ಅಳೆದರೆ ರೋಧ (ಕರೆಂಟ್ ಹರಿಯೋದಕ್ಕೆ ತಂತಿ ಒಡ್ಡುವ ಅಡ್ಡಿ) 40 ಓಮ್ ಬಂತು, 230 ವೋಲ್ಟಿಗೆ ಲೆಕ್ಕ ಹಾಕಿದರೆ (230 × 230 ÷ 40) 1322 ವ್ಯಾಟ್ ಆಗುತ್ತೆ, ತಪ್ಪೆಲ್ಲಿ ಅಂತ ಕೇಳಿದ್ದೀರಿ. ನಿಮ್ಮ ಸೂತ್ರವೂ ಸರಿ, ಮೀಟರೂ ಸರಿ. ನೀವು ಅಳೆದದ್ದು ತಣ್ಣಗಿರುವ ಬಲ್ಬನ್ನು, ಅಷ್ಟೇ.

ಉರಿಯುವಾಗ ಒಳಗಿನ ಟಂಗ್‌ಸ್ಟನ್ ತಂತಿ ಸುಮಾರು 2500 ಡಿಗ್ರಿ ಸೆಲ್ಸಿಯಸ್ ಕಾದಿರುತ್ತದೆ. ಲೋಹ ಕಾದಷ್ಟೂ ರೋಧ ಜಾಸ್ತಿ. ಅದಕ್ಕೇ ಲೆಕ್ಕವನ್ನು ಉರಿಯುವ ಬಲ್ಬಿನ ಕರೆಂಟಿನಿಂದ ಶುರು ಮಾಡಬೇಕು. 100 ವ್ಯಾಟನ್ನು 230 ವೋಲ್ಟಿನಿಂದ ಭಾಗಿಸಿದರೆ 0.435 ಆಂಪಿಯರ್. ಈಗ 230ನ್ನು ಈ 0.435ರಿಂದ ಭಾಗಿಸಿ. ಹತ್ತಿರ ಹತ್ತಿರ 529 ಓಮ್. ನಿಮ್ಮ ಮೀಟರ್ ತೋರಿಸಿದ್ದಕ್ಕಿಂತ 13 ಪಟ್ಟು!

ಹಾಗಂತ ನಿಮ್ಮ 1322 ವ್ಯಾಟ್ ಪೂರ್ತಿ ಸುಳ್ಳೂ ಅಲ್ಲ. ಸ್ವಿಚ್ ಒತ್ತಿದ ಆ ಒಂದು ಕ್ಷಣ ತಂತಿ ತಣ್ಣಗೇ ಇರುತ್ತದಲ್ವಾ, ಆಗ 5 ಆಂಪಿಯರಿಗೂ ಮೇಲೆ ಕರೆಂಟ್ ನುಗ್ಗಬಹುದು. ಹಳೇ ಬಲ್ಬುಗಳು ಸ್ವಿಚ್ ಹಾಕಿದ ಕೂಡಲೇ 'ಟಪ್' ಅಂತ ಹೋಗುತ್ತಿದ್ದದ್ದು ಹೆಚ್ಚಾಗಿ ಇದಕ್ಕೇ.

ನಂಬಿಕೆ ಬರದಿದ್ದರೆ ನೀರು ಕಾಯಿಸುವ 1000 ವ್ಯಾಟಿನ ರಾಡ್ ಅಳೆದು ನೋಡಿ. ಪ್ಲಗ್ ಕಿತ್ತಿಟ್ಟೇ ಅಳೆಯಿರಿ, ಮರೀಬೇಡಿ. ಲೆಕ್ಕದಲ್ಲಿ 52.9 ಓಮ್, ಮೀಟರಿನಲ್ಲೂ ಅದರ ಆಸುಪಾಸೇ ಬರುತ್ತದೆ. ಅದರೊಳಗಿನ ನೈಕ್ರೋಮ್ ಎಂಬ ಮಿಶ್ರಲೋಹದ ತಂತಿಯ ರೋಧ ಕಾದರೂ ಅಷ್ಟೇನೂ ಬದಲಾಗುವುದಿಲ್ಲ.